ಲೊಕೇಶನ್ ಪಡೆಯಲು ಒಪ್ಪಿದರೆ ತೋರಿಸಲೂ ಒಪ್ಪಿದಂತೆಯೇ?

ವೆಬ್‌ಸೈಟ್‌ಗಳಲ್ಲಿ ಬಳಕೆದಾರರ ಮಾಹಿತಿ ಎಲ್ಲೆಲ್ಲಿ ಸೋರುತ್ತದೆ ಎಂದು ಪರಿಶೀಲಿಸುವುದು ನನ್ನ ಕೆಲಸ. ಈಗ ಯಾವ ಯಾವ ಊರಿನವರು ನೋಡುತ್ತಿದ್ದಾರೆ ಅಂತ ಎಲ್ಲರಿಗೂ ತೋರಿಸುವ ಪುಟ್ಟ ಮ್ಯಾಪ್ ಎಷ್ಟೋ ಸೈಟ್‌ಗಳಲ್ಲಿ ಇರುತ್ತದೆ. ನೋಡುವವರ ಒಪ್ಪಿಗೆ ತಗೊಂಡಿದ್ದೀರಾ ಅಂತ ಕೇಳಿದರೆ, "ಬ್ರೌಸರ್ರೇ ಕೇಳುತ್ತಲ್ವಾ?" ಅನ್ನುತ್ತಾರೆ.

ಬ್ರೌಸರ್ ಕೇಳುವುದು ಜಿಪಿಎಸ್ ಅಥವಾ ವೈಫೈ ಮೂಲಕ ನಿಖರವಾದ ಜಾಗ ಕೊಡುವಾಗ ಮಾತ್ರ. ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ನೋಡಿ ಊರು ಊಹಿಸುವಾಗ ಯಾವ ಪಾಪ್‌ಅಪ್ಪೂ ಬರುವುದಿಲ್ಲ. ಪುಟ ಕಳಿಸಲು ಸರ್ವರ್‌ಗೆ, ಅಂದರೆ ಸೈಟ್ ಇರುವ ಕಂಪ್ಯೂಟರ್‌ಗೆ, ಐಪಿ ಬೇಕೇ ಬೇಕು, ಹಾಗಾಗಿ ಅದು ತಾನಾಗಿ ಸಿಗುತ್ತದೆ. ಸಿಕ್ಕಿದ್ದನ್ನು ಸಾರ್ವಜನಿಕವಾಗಿ ತೋರಿಸಬಹುದು ಅಂದುಕೊಳ್ಳುವುದೇ ತಪ್ಪು.

"ಬರೀ ಊರಿನ ಹೆಸರು ತಾನೇ" ಎನ್ನುವವರು ಇದನ್ನು ಯೋಚಿಸಬೇಕು. ಹಿಂಸೆ ತಾಳಲಾರದೆ ಮನೆ ಬಿಟ್ಟು ಹೋದ ಹೆಂಗಸು ಸಹಾಯದ ಸೈಟೊಂದನ್ನು ತೆರೆಯುತ್ತಾಳೆ. ಅಲ್ಲಿ ಊರಿನ ಹೆಸರು, ಸಮಯ ಎರಡೂ ಕಾಣುತ್ತವೆ. ಊರು ಚಿಕ್ಕದು. ಅವಳನ್ನು ಹುಡುಕುತ್ತಿರುವವನಿಗೆ ಅಷ್ಟು ಸಾಕು. ಐಪಿ ಊಹೆ ಎಷ್ಟೋ ಸಲ ತಪ್ಪುತ್ತದೆ, ನಿಜ. ಆದರೆ ಅವಳ ಸುರಕ್ಷತೆಯನ್ನು ಆ ತಪ್ಪಿನ ಮೇಲೆ ಬಿಡಲಾಗದು.

ಪರದೆ ಮೇಲೆ ಕಾಣುವುದಷ್ಟನ್ನೇ ನಂಬಬೇಡಿ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದು ನೋಡಿ, ಸೈಟ್‌ನಿಂದ ಬರುವ ಡೇಟಾ ಅಲ್ಲಿ ಕಾಣುತ್ತದೆ. ಮ್ಯಾಪ್‌ನಲ್ಲಿ ಊರಿನ ಹೆಸರಷ್ಟೇ ಇದ್ದರೂ, ಹಿಂದಿನಿಂದ ಬರುವ ಡೇಟಾದಲ್ಲಿ ಅಕ್ಷಾಂಶ, ರೇಖಾಂಶ ಪೂರ್ತಿ ಇರಬಹುದು. ದಶಾಂಶದ ನಂತರ 2 ಅಂಕಿ ಇದ್ದರೆ ಜಾಗ ಗೊತ್ತಾಗುವುದು ಸುಮಾರು 1 ಕಿಲೋಮೀಟರ್ ಲೆಕ್ಕದಲ್ಲಿ. 4 ಇದ್ದರೆ ಸುಮಾರು 11 ಮೀಟರ್. ಫೋನಿನ ಜಿಪಿಎಸ್ ಕೊಟ್ಟ ಅಂಕಿ ಹಾಗೇ ಹೋದರೆ ಮನೆಯೇ ಸಿಕ್ಕಂತೆ. ಆದ್ದರಿಂದ ಅಂಕಿ ಕತ್ತರಿಸುವ ಕೆಲಸ ಸರ್ವರ್‌ನಲ್ಲೇ ಆಗಬೇಕು, ಪರದೆ ಮೇಲೆ ಮರೆಮಾಡಿದರೆ ಸಾಲದು.

ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಡೇಟಾ ರಕ್ಷಣೆ ಕಾನೂನಿನ ಪ್ರಕಾರ, ಒಪ್ಪಿಗೆ ಯಾವುದಕ್ಕೆ ಅಂತ ಸ್ಪಷ್ಟವಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಒಪ್ಪಿಗೆಯಲ್ಲ ಎಂದು ಅಲ್ಲಿನ ನ್ಯಾಯಾಲಯ 2019ರಲ್ಲಿ ಹೇಳಿತು. ಯಾವ ದೇಶದ ಸೈಟ್ ಆದರೂ ಇದನ್ನು ಪಾಲಿಸಬಹುದು.

ಸೈಟ್ ನಡೆಸುವವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಲಿ: "ಹತ್ತಿರದ ಶಾಖೆ ಹುಡುಕಲು ನಿಮ್ಮ ಲೊಕೇಶನ್ ಬಳಸಬಹುದೇ?", "ನಿಮ್ಮ ಊರನ್ನು ಬೇರೆಯವರಿಗೆ ತೋರಿಸಬಹುದೇ?" ಎರಡನೆಯದಕ್ಕೆ ಬೇಡ ಅಂದವರಿಗೂ ಮೊದಲನೆಯದು ಕೆಲಸ ಮಾಡಬೇಕು. ಉತ್ತರವೇ ಕೊಡದಿದ್ದರೆ ಬೇಡ ಎಂದೇ ತಿಳಿಯಬೇಕು.