ಗೂಡು ಕಬಳಿಕೆ: ಕೋಗಿಲೆ ಮಾಡುವುದು ಇದನ್ನಲ್ಲ

ಒಂದು ಜಾತಿಯ ಹಕ್ಕಿಯ ಗೂಡನ್ನು ಇನ್ನೊಂದು ಜಾತಿಯ ಹಕ್ಕಿ ಕಿತ್ತುಕೊಂಡು, ಅಲ್ಲಿ ತಾನೇ ಮೊಟ್ಟೆಯಿಟ್ಟು, ತಾನೇ ಕಾವು ಕೊಟ್ಟು ಮರಿ ಸಾಕಿದರೆ ಅದು ಗೂಡು ಕಬಳಿಕೆ. ಈ ಮಾತು ಬಂದ ಕೂಡಲೇ ಎಲ್ಲರ ಬಾಯಲ್ಲೂ ಕೋಗಿಲೆಯ ಹೆಸರು ಬರುತ್ತದೆ, ಅಲ್ವಾ? ಆದರೆ ಕೋಗಿಲೆಗೆ ಕಾಗೆಯ ಗೂಡು ಬೇಕಿಲ್ಲ, ಕಾಗೆಯ ದುಡಿಮೆ ಬೇಕು. ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗೂಡು ಕಾಗೆಯದಾಗಿಯೇ ಉಳಿಯುತ್ತದೆ.

ಖಾಲಿ ಗೂಡಿಗೆ ಸೇರಿಕೊಳ್ಳುವುದನ್ನೂ ಇದರೊಳಗೆ ತರಬಾರದು. ಗೀಜಗ ಬಿಟ್ಟುಹೋದ ಹಳೇ ಗೂಡಿನಲ್ಲಿ ಬಿಳಿಗಂಟಲಿನ ಮುನಿಯ ಸಂಸಾರ ಹೂಡುತ್ತದೆ. ಇದರಿಂದ ಗೀಜಗಕ್ಕೆ ನಷ್ಟವೇನೂ ಇಲ್ಲ.

ನಿಜವಾದ ಕಬಳಿಕೆ ನೋಡಬೇಕೆಂದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಪೈರಾಟಿಕ್ ಫ್ಲೈಕ್ಯಾಚರ್ ಇದೆ. ಪುಟ್ಟ ಹಕ್ಕಿ, ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ತನಗಿಂತ ಎಷ್ಟೋ ದೊಡ್ಡದಾದ ಒರೊಪೆಂಡೊಲಾ ಎಂಬ ಹಕ್ಕಿ ನೇಯ್ದ ಜೋತುಬೀಳುವ ಗೂಡಿನ ಹತ್ತಿರ ಕೂತು ಬಿಡದೆ ಕಾಟ ಕೊಡುತ್ತದೆ. ಗೂಡಿನ ಒಡೆಯ ಅತ್ತ ಸರಿದರೆ ಸಾಕು, ಒಳಗಿನ ಮೊಟ್ಟೆಗಳನ್ನು ಹೊರಗೆ ಎಸೆದು ತಾನು ನೆಲೆಯೂರುತ್ತದೆ. ಆಫ್ರಿಕಾದ ಬಿಳಿಸೊಂಟದ ಬಾನಾಡಿಯೂ (ಸ್ವಿಫ್ಟ್) ಹೀಗೆಯೇ, ಕವಲುತೋಕೆಗಳು (ಸ್ವಾಲೋ) ಕಟ್ಟಿದ ಮಣ್ಣಿನ ಗೂಡುಗಳನ್ನು ವಶಪಡಿಸಿಕೊಳ್ಳುತ್ತದೆ. ನಾವು ಪಾಪ ಅನ್ನುವ ಗುಬ್ಬಚ್ಚಿಯೂ ಬಾನಾಡಿಗಳ ಗೂಡಿಗೆ ನುಗ್ಗುವುದುಂಟು.

ಆದರೆ ಜಗಳ ಜಾಸ್ತಿ ಜೋರಾಗುವುದು ಮರದ ಪೊಟರೆಗಳಿಗಾಗಿ. ಮರಕುಟಿಗ ಮತ್ತು ಕುಟ್ರುಹಕ್ಕಿ ತಾವೇ ಮರ ಕೊರೆಯುತ್ತವೆ. ಗಿಳಿ ಇದ್ದ ತೂತನ್ನು ಕಚ್ಚಿ ಅಗಲ ಮಾಡಿಕೊಳ್ಳಬಲ್ಲದು. ಗೊರವಂಕಕ್ಕೆ ಅದೂ ಆಗದು. ಹಾಗಾಗಿ ಅದು ಸಿಕ್ಕಿದ ಪೊಟರೆಗೆ ನುಗ್ಗಿ, ಒಳಗಿನ ಮೊಟ್ಟೆ, ಮರಿಗಳನ್ನೂ ಹೊರಗೆ ದಬ್ಬಿಬಿಡುತ್ತದೆ. ಕೀಟಗಳನ್ನು ತಿನ್ನಲಿ ಎಂದು 1862ರಲ್ಲಿ ಗೊರವಂಕಗಳನ್ನು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಒಯ್ದರು. ಈಗ ಅವು ಅಲ್ಲಿನ ಗಿಳಿಗಳ ಪೊಟರೆಗಳಿಗೇ ಕೈಹಾಕಿವೆ. ನಮ್ಮ ಗಿಳಿಯೂ ಕಡಿಮೆಯೇನಲ್ಲ. ಸ್ಪೇನಿನ ಸೆವಿಲ್ ನಗರ ಸೇರಿ ನೆಲೆಯೂರಿದ ಗಿಳಿಗಳು ಪೊಟರೆಗಾಗಿ ದೊಡ್ಡ ಬಾವಲಿಗಳ ಮೇಲೆ ಬಿದ್ದು ಕೊಂದದ್ದೂ ಇದೆ.

ಇದನ್ನು ಕಳ್ಳತನ, ದುಷ್ಟತನ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಪೊಟರೆ ಸಿಗದ ಹಕ್ಕಿಗೆ ಆ ವರ್ಷ ಮರಿಯೇ ಇಲ್ಲ. ಪೊಟರೆ ಕಡಿಮೆ ಮಾಡಿದವರು ನಾವು. ಕಂಚುಕುಟಿಗದಂಥ ಪುಟ್ಟ ಕುಟ್ರುಹಕ್ಕಿ ಗಟ್ಟಿ ಮರವನ್ನು ಕೊರೆಯಲಾರದು. ಅದಕ್ಕೆ ಒಣಗಿ ಮೆತ್ತಗಾದ ಕೊಂಬೆಯೇ ಬೇಕು. ಊರಿನಲ್ಲಿ ಮೊದಲು ಕಡಿಯುವುದೂ ಅದನ್ನೇ. ರಸ್ತೆಯ ಮೇಲೆ ಚಾಚಿದ್ದನ್ನು ಕಡಿಯಲೇಬೇಕು, ಸರಿ. ಆದರೆ ಜನ ಓಡಾಡದ ಕೆರೆ ಅಂಚು, ತೋಟದ ಮೂಲೆಗಳಲ್ಲೂ ಸುಮ್ನೆ ಯಾಕೆ ಕಡಿಯಬೇಕು? ಬಿಟ್ಟರೆ ಕುಟ್ರುಹಕ್ಕಿ ಹೊಸ ಪೊಟರೆ ಕೊರೆದುಕೊಳ್ಳುತ್ತದೆ, ಹಳೆಯದು ಮಡಿವಾಳ ಹಕ್ಕಿಗೋ ಗೊರವಂಕಕ್ಕೋ ಜಗಳವಿಲ್ಲದೆ ಸಿಗುತ್ತದೆ.