ಸರ್ಕಾರ ಯಾವ ಕಟ್ಟಡದಲ್ಲಿದೆ?

ಹೋದ ಭಾನುವಾರ ತಂಗಿಯ ಮಗಳನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಸುತ್ತಾಡಿ ಅಂಬೇಡ್ಕರ್ ಬೀದಿಯ ಫುಟ್‌ಪಾತಿಗೆ ಬಂದು ನಿಂತೆವು. ಒಂದು ಕಡೆ ವಿಧಾನಸೌಧದ ಕಲ್ಲಿನ ಕಂಬಗಳು, ಎದುರಿಗೆ ಹೈಕೋರ್ಟಿನ ಕೆಂಪು ಗೋಡೆ. "ಮಾವ, ಇದರಲ್ಲಿ ಸರ್ಕಾರ ಯಾವುದು?" ಅಂದಳು.

"ಅಲ್ಲಿ ಕಾನೂನು ಮಾಡ್ತಾರೆ, ಇಲ್ಲಿ ನ್ಯಾಯ ಹೇಳ್ತಾರೆ" ಅಂದೆ. ಅವಳು ಬಿಡಲಿಲ್ಲ. "ಹಾಗಾದ್ರೆ ಕೆಲಸ ಮಾಡೋರು ಎಲ್ಲಿ ಕೂರ್ತಾರೆ?"

ಒಳ್ಳೆಯ ಪ್ರಶ್ನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಹಾಗಾಗಿ ಮೂರು ಕೋಣೆ, ನಡುವೆ ಗಟ್ಟಿ ಗೋಡೆ ಅನ್ನೋ ಚಿತ್ರ ತಲೆಯಲ್ಲಿ ಕೂತುಬಿಡುತ್ತದೆ. ನಮ್ಮ ದೇಶದ ಮಟ್ಟಿಗೆ ಅದು ತಪ್ಪು. ಅಮೆರಿಕದ ಅಧ್ಯಕ್ಷರು ಅಲ್ಲಿನ ಸಂಸತ್ತಿನ ಸದಸ್ಯರಾಗಿ ಇರುವ ಹಾಗಿಲ್ಲ. ನಮ್ಮಲ್ಲಿ ತಿರುವುಮುರುವು. ಮಂತ್ರಿಯಾದವರು ಆರು ತಿಂಗಳೊಳಗೆ ಸಂಸತ್ತಿನ ಸದಸ್ಯರಾಗದಿದ್ದರೆ ಕುರ್ಚಿ ಬಿಡಬೇಕು. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗ ಸಂಸದರಾಗಿರಲಿಲ್ಲ. ಅದೇ ವರ್ಷ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಇದು ಯಾರೋ ಮರೆತು ಬಿಟ್ಟ ಲೋಪವಲ್ಲ. 1948ರ ಡಿಸೆಂಬರ್ 10ರಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ಮೂರೂ ಅಂಗಗಳನ್ನು ಪೂರ್ತಿ ಬೇರೆ ಮಾಡಿ ಅಂತ ತಿದ್ದುಪಡಿ ತಂದರು. ಅದನ್ನು ವಿರೋಧಿಸಿ ಮಾತಾಡಿದವರಲ್ಲಿ ನಮ್ಮ ಕೆಂಗಲ್ ಹನುಮಂತಯ್ಯನವರೂ ಒಬ್ಬರು. ಮೂರನ್ನೂ ಬೇರೆ ಬೇರೆ ನಿಲ್ಲಿಸಿದರೆ ಜಗಳ ಖಂಡಿತ, ದೇಶಕ್ಕೆ ಬೇಕಾಗಿರೋದು ಹೊಂದಾಣಿಕೆ ಅನ್ನೋದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಮುಂದೆ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದ್ದು ಇದೇ ಹನುಮಂತಯ್ಯನವರು. ಅದು ಪೂರ್ತಿಯಾಗಿದ್ದು 1956ರಲ್ಲಿ. ಶಾಸಕರ ಸಭಾಂಗಣ, ಮಂತ್ರಿಗಳ ಕೋಣೆ ಎರಡೂ ಅಲ್ಲಿ ಒಂದೇ ಸೂರಿನಡಿ ಇವೆ. ಎದುರಿನ ಕೆಂಪು ಕಟ್ಟಡದ ಕಥೆಯೂ ಸ್ವಾರಸ್ಯದ್ದೇ. 1868ರಲ್ಲಿ ಮುಗಿದ ಅದರಲ್ಲಿ ಹದಿನೆಂಟು ಇಲಾಖೆಗಳಿದ್ದವು, ಅದಕ್ಕೇ ಅಠಾರ ಕಚೇರಿ ಅನ್ನೋ ಹೆಸರು. ಸಚಿವಾಲಯ ರಸ್ತೆ ದಾಟಿ ಹೋಯಿತು, ಕೋರ್ಟು ಉಳಿಯಿತು.

ಮಂತ್ರಿಗಳು ಸದನದ ಒಳಗೇ ಇದ್ದರೆ ಅವರನ್ನು ಹಿಡಿದು ನಿಲ್ಲಿಸೋರು ಯಾರು? ಸಂವಿಧಾನದ 75ನೇ ವಿಧಿಯಲ್ಲಿ ಒಂದು ಪುಟ್ಟ ವಾಕ್ಯವಿದೆ. ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಹೊಣೆಯಾಗಿರಬೇಕು. ನನ್ನ ಪ್ರಕಾರ ಇಡೀ ಯಂತ್ರದ ಜೀವ ಇರೋದು ಈ ವಾಕ್ಯದಲ್ಲಿ. ಗೆದ್ದ ಸರ್ಕಾರಕ್ಕೆ ಐದು ವರ್ಷ ಗ್ಯಾರಂಟಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಲೀಸಿಗೆ ಹಾಕಿಕೊಂಡ ಮನೆಯ ಹಾಗೆ. ಅಲ್ಲ. ಐದು ವರ್ಷ ಅನ್ನೋದು ಲೋಕಸಭೆಯ ಆಯಸ್ಸು. ಸರ್ಕಾರಕ್ಕೆ ಲೀಸೇ ಇಲ್ಲ, ಮಾಲೀಕರು ಯಾವತ್ತು ಬೇಕಾದರೂ ಎದ್ದೇಳಿ ಅನ್ನಬಹುದು. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ಮನೆಯ ಸಂಪಿನ ಬಾಲ್ ವಾಲ್ವ್ ನೋಡಿ. ಕಾವೇರಿ ನೀರು ಬಂದ ಹಾಗೆ ಚೆಂಡು ತೇಲುತ್ತಾ ಮೇಲೇರಿ ಕೊಳವೆಯನ್ನು ತಾನೇ ಮುಚ್ಚುತ್ತದೆ. ಹೊರಗಿನಿಂದ ಯಾರೂ ಬಂದು ತಿರುಗಿಸಬೇಕಾಗಿಲ್ಲ, ಸಂಪಿನಲ್ಲಿರೋ ನೀರೇ ಆ ಕೆಲಸ ಮಾಡುತ್ತದೆ. ಹಾಗೇ ಸರ್ಕಾರವನ್ನು ಹುಟ್ಟಿಸಿದ ಸದನವೇ ಅದನ್ನು ನಿಲ್ಲಿಸಲೂಬಲ್ಲದು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರದ ಪರ 269 ಮತ, ವಿರುದ್ಧ 270 ಮತ ಬಿತ್ತು. ಒಂದೇ ಒಂದು ಮತಕ್ಕೆ ದೇಶದ ಸರ್ಕಾರ ಉರುಳಿತು.

ಈ ವಾಲ್ವನ್ನು ಹೊರಗಿನವರು ತಿರುಗಿಸಿದರೆ? ಅದನ್ನು ತೀರ್ಮಾನ ಮಾಡಿದ ಮೊಕದ್ದಮೆ ನಮ್ಮ ಊರಿನದೇ. 1989ರ ಏಪ್ರಿಲ್‌ನಲ್ಲಿ ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ತೋರಿಸ್ತೀನಿ ಅಂದರು. ಅವಕಾಶ ಸಿಗಲಿಲ್ಲ. ರಾಜ್ಯಪಾಲರ ವರದಿಯ ಮೇಲೆ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅಂತ ಎಣಿಸಬೇಕಾದ ಜಾಗ ಸದನವೇ, ರಾಜಭವನವಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ, ಐದು ವರ್ಷ ಕಳೆದುಹೋಗಿತ್ತು. ಆದರೆ ಆಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರೋದು ಮೊದಲಿನಷ್ಟು ಸಲೀಸಾಗಿ ಉಳಿಯಲಿಲ್ಲ.

ಕೋರ್ಟಿನ ಹತ್ತಿರ ಪೊಲೀಸ್ ಪಡೆಯಿಲ್ಲ, ಖಜಾನೆಯಿಲ್ಲ. ತೀರ್ಪು ಜಾರಿಯಾಗಬೇಕಾದರೆ ಕಾರ್ಯಾಂಗವೇ ಮಾಡಬೇಕು. ಹಾಗಂತ ಸಂಬಳ ತಡೆದು ನ್ಯಾಯಾಧೀಶರನ್ನು ಬಗ್ಗಿಸೋಕೂ ಆಗಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಂಬಳ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ನೇರವಾಗಿ ಹೋಗುತ್ತದೆ. ಸಂಸತ್ತು ಅದರ ಬಗ್ಗೆ ಚರ್ಚೆ ಮಾಡಬಹುದು, ಮತಕ್ಕೆ ಹಾಕುವ ಹಾಗಿಲ್ಲ. ಇನ್ನು ಸಂಸತ್ತು ಸಂವಿಧಾನವನ್ನೇ ತಿದ್ದಿ ಕೋರ್ಟಿನ ಬಾಯಿ ಮುಚ್ಚಿಸಬಹುದಲ್ವಾ? ಅದಕ್ಕೆ ಉತ್ತರ ಸಿಕ್ಕಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ. ಅದು ಶುರುವಾಗಿದ್ದು ಮಠದ ಜಮೀನಿನ ವಿಷಯಕ್ಕೆ. 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳಲ್ಲಿ ಏಳು ಮಂದಿಯ ಬಹುಮತದಿಂದ ತೀರ್ಪು ಬಂತು. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡವುವ ಹಾಗಿಲ್ಲ.

ಮನೆಗೆ ಬಂದ ಮೇಲೆ ಅವಳಿಗೆ 2018ರ ಮೇ ತಿಂಗಳ ಕಥೆ ಹೇಳಿದೆ. ಯಡಿಯೂರಪ್ಪನವರಿಗೆ ಬಹುಮತ ತೋರಿಸೋಕೆ ರಾಜ್ಯಪಾಲರು ಹದಿನೈದು ದಿನ ಕೊಟ್ಟಿದ್ದರು. ದೆಹಲಿಯಲ್ಲಿ ಸುಪ್ರೀಂ ಕೋರ್ಟು ನಡುರಾತ್ರಿ ಬಾಗಿಲು ತೆಗೆದು ವಾದ ಕೇಳಿತು. ಮೇ 18ರಂದು, ನಾಳೆ ಸಂಜೆ ನಾಲ್ಕು ಗಂಟೆಗೇ ಸದನದಲ್ಲಿ ಎಣಿಸಿ ಅಂತ ಆದೇಶ ಕೊಟ್ಟಿತು. ಮಾರನೇ ದಿನ ಅವರು ಸದನದಲ್ಲಿ ಮಾತಾಡಿ, ಮತಕ್ಕೆ ಮುಂಚೆಯೇ ರಾಜೀನಾಮೆ ಹೇಳಿ ಹೊರಗೆ ನಡೆದರು. "ಅಂದ್ರೆ ಅವತ್ತು ಸರ್ಕಾರ ಎರಡೂ ಕಟ್ಟಡದಲ್ಲಿ ಇತ್ತಾ?" ಅಂತ ಕೇಳಿದಳು. ಕೋರ್ಟು ಅಂದರೆ ಅವಳ ಕಣ್ಣಿಗೆ ಇನ್ನೂ ಆ ಕೆಂಪು ಕಟ್ಟಡವೇ. ಸುಪ್ರೀಂ ಕೋರ್ಟ್ ಬೇರೆ, ಅದು ದೆಹಲಿಯಲ್ಲಿದೆ ಅಂತ ತಿದ್ದಿ, ಮಿಕ್ಕಿದ್ದಕ್ಕೆ ಹೌದು ಅಂದೆ.