ರೆಸಾರ್ಟಿನ ಲೆಕ್ಕಕ್ಕೆ ಸೇರದ ವಿಮಾನ

ಸೌರಫಲಕ, ಗಾಜಿನ ಬಾಟಲಿಯಲ್ಲಿ ಕುಡಿಯುವ ನೀರು, ಹವಳ ಬೆಳೆಸುವ ಕಾರ್ಯಕ್ರಮ... ಮಾಲ್ಡೀವ್ಸ್‌ನ ರೆಸಾರ್ಟ್‌ಗಳು ತಮ್ಮ ಪರಿಸರ ಕಾಳಜಿಗೆ ಕೊಡುವ ಪುರಾವೆಗಳಿವು. ಪ್ರವಾಸ ಯೋಜನೆಯನ್ನೇ ವೃತ್ತಿಯಾಗಿಸಿಕೊಂಡ ನಾನು ಇವನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅತಿಥಿಯನ್ನು ಹೊತ್ತು ತಂದ ವಿಮಾನ ಈ ಪಟ್ಟಿಯಲ್ಲಿ ಇರುವುದಿಲ್ಲ. ದೂರದಿಂದ ಬಂದವರ ಪ್ರವಾಸದಲ್ಲಿ ಹೊಗೆಯ ದೊಡ್ಡ ಪಾಲು ಅದರದ್ದೇ.

ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಲಂಡನ್ನಿನಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಹೋಗಿಬರುವ ಎಕಾನಮಿ ಪ್ರಯಾಣಿಕರೊಬ್ಬರ ಪಾಲಿಗೆ ಅಂದಾಜು ಒಂದೂವರೆ ಟನ್ ಬೀಳುತ್ತದೆ. ಭಾರತೀಯರೊಬ್ಬರ ಇಡೀ ವರ್ಷದ ಸರಾಸರಿಯೇ ಎರಡು ಟನ್‌ನ ಆಸುಪಾಸಿನಲ್ಲಿದೆ. ಬೆಂಗಳೂರಿನಿಂದ ಹೊರಟವರಿಗೆ ಆ ಪಾಲು ಸುಮಾರು 200 ಕಿಲೋ. ಎತ್ತರದಲ್ಲಿ ವಿಮಾನದ ಹಿಂದೆ ಮೂಡುವ ಬಿಳಿ ಗೆರೆಗಳು ಶಾಖವನ್ನು ಹಿಡಿದಿಡುವುದು ಇದರಲ್ಲಿ ಸೇರಿಲ್ಲ. ಅಂತರರಾಷ್ಟ್ರೀಯ ಹಾರಾಟದ ಹೊಗೆಯನ್ನು ಯಾವ ದೇಶವೂ ತನ್ನ ಒಟ್ಟು ಮೊತ್ತಕ್ಕೆ ಕೂಡಿಸುವುದಿಲ್ಲ, ಬೇರೆಯಾಗಿ ನಮೂದಿಸಿ ಬಿಡುತ್ತದೆ. ಮಾಲ್ಡೀವ್ಸ್‌ನ ಹಸಿರು ತೆರಿಗೆಯೂ ತಂಗುವ ದಿನಗಳ ಮೇಲೆ ಬೀಳುತ್ತದೆಯೇ ಹೊರತು ಹಾರಿದ ದೂರದ ಮೇಲಲ್ಲ.

ಹಾಗಾದರೆ ಹೋಗಲೇಬಾರದೆ? ಸಮುದ್ರ ಏರಿದರೆ ಮೊದಲು ಮುಳುಗುವ ನೆಲಗಳಲ್ಲಿ ಮಾಲ್ಡೀವ್ಸ್ ಕೂಡ ಒಂದು. 2009ರಲ್ಲಿ ಅಧ್ಯಕ್ಷ ಮೊಹಮದ್ ನಶೀದ್ ಸಚಿವ ಸಂಪುಟದ ಸಭೆಯನ್ನು ನೀರಿನಡಿಯಲ್ಲೇ ನಡೆಸಿದರು. 2016ರಲ್ಲಿ ಕಾದ ನೀರಿಗೆ ಅಲ್ಲಿನ ಹವಳಗಳು ಬಿಳಿಚಿಕೊಂಡವು. ಆದರೂ ಆ ದೇಶ ಉಣ್ಣುವುದು ಪ್ರವಾಸಿಗರಿಂದಲೇ, ಅಲ್ಲಿಗೆ ರೈಲು ಹೋಗುವುದಿಲ್ಲ. ಜನವಸತಿಯ ದ್ವೀಪಗಳಲ್ಲಿ ಸ್ಥಳೀಯರು ನಡೆಸುವ ಅತಿಥಿಗೃಹಗಳಿಗೆ ನಮ್ಮ ಹಣ ನೇರವಾಗಿ ತಲುಪುತ್ತದೆ. ಅವರ ಜೀವನೋಪಾಯವನ್ನು ಕಿತ್ತುಕೊಳ್ಳುವ ಸಲಹೆಯನ್ನು ನಾನು ಕೊಡಲಾರೆ.

ಹಸಿರು ಇಂಧನ ಬರುತ್ತಿದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಯುರೋಪಿಯನ್ ಒಕ್ಕೂಟ 2025ರಿಂದ ವಿಮಾನ ಇಂಧನಕ್ಕೆ ಕಡ್ಡಾಯ ಮಾಡಿರುವ ಅದರ ಮಿಶ್ರಣ ಶೇ 2 ಮಾತ್ರ. ಅಂತರರಾಷ್ಟ್ರೀಯ ಹಾರಾಟಕ್ಕೆ ಭಾರತ 2027ಕ್ಕೆ ಇಟ್ಟುಕೊಂಡ ಗುರಿ ಶೇ 1. ಇಷ್ಟನ್ನು ನಂಬಿ ವರ್ಷಕ್ಕೆ ನಾಲ್ಕು ಬಾರಿ ಹಾರುವುದನ್ನು ಸುಸ್ಥಿರ ಪ್ರವಾಸವೆಂದು ಕರೆಯಲು ನನ್ನಿಂದಾಗದು.

ಆದ್ದರಿಂದ ಮೂರು ರಾತ್ರಿಯ ಪ್ಯಾಕೇಜ್ ಕೇಳಿ ಬಂದವರಿಗೆ ಕೆಲವು ವರ್ಷ ರಜೆ ಕೂಡಿಟ್ಟು, ಒಮ್ಮೆ ಹೋಗಿ ಎರಡು ವಾರ ಇರಿ ಎನ್ನುತ್ತೇನೆ. ಅಲ್ಲಿಳಿದ ಮೇಲೆ ಸೀಪ್ಲೇನ್ ಬಿಟ್ಟು, ಎಲ್ಲರೂ ಓಡಾಡುವ ಫೆರ್ರಿ ಹತ್ತಿ. ಹವಳ ನೋಡುವುದಷ್ಟೇ ಆಸೆಯಾದರೆ ಬೆಂಗಳೂರಿನಿಂದ ಮುರುಡೇಶ್ವರಕ್ಕೆ ರೈಲಿದೆ. ಮಳೆಗಾಲ ಕಳೆದ ಮೇಲೆ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಗಳು ಹೊರಡುತ್ತವೆ.